ಎರಡು ಫಲಕಗಳ ಅಂಚಿನಗುಂಟ ಎಂಟು ದಿನ

ಮೊದಲ ದಿನ: ಸಾಲ್ಟನ್ ಸೀ

ದಕ್ಷಿಣ ಕ್ಯಾಲಿಫೋರ್ನಿಯಾದ 111ನೇ ಹೆದ್ದಾರಿಯಲ್ಲಿ ಬಾಂಬೆ ಬೀಚ್ ಹತ್ತಿರ ಬಂದಾಗ ಜಿಪಿಎಸ್ ತೋರಿಸಿದ ಎತ್ತರ ಮೈನಸ್ 68 ಮೀಟರ್. ಊರು ಸಮುದ್ರಮಟ್ಟಕ್ಕಿಂತ ಅಷ್ಟು ಕೆಳಗಿದೆ. ಎದುರಿಗಿರುವ ಸಾಲ್ಟನ್ ಸೀ ಎಂಬ ಉಪ್ಪುಕೆರೆ ಇನ್ನೂ ಕೆಳಗೆ. 1905ರಲ್ಲಿ ಕೊಲರಾಡೊ ನದಿ ಕಾಲುವೆ ಒಡೆದುಕೊಂಡು ಈ ತಗ್ಗಿಗೆ ನುಗ್ಗಿತು, ಅದನ್ನು ಮುಚ್ಚುವಷ್ಟರಲ್ಲಿ 1907 ಬಂತು. ಕೆರೆ ಹುಟ್ಟಿದ್ದು ಹಾಗೆ. ಆದರೆ ತಗ್ಗು ಮೊದಲೇ ಇತ್ತು, ಅದನ್ನು ಮಾಡಿದ್ದು ನದಿಯಲ್ಲ.

ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ, ಅಂದರೆ ಎರಡು ಬದಿಯ ನೆಲ ಒಂದನ್ನೊಂದು ಉಜ್ಜಿಕೊಂಡು ಜಾರುವ ಬಿರುಕಿನ, ದಕ್ಷಿಣದ ತುದಿ ಈ ಊರಿನ ಪಕ್ಕದಲ್ಲೇ ಇದೆ. ಇಲ್ಲಿಂದ ಅದು ವಾಯವ್ಯಕ್ಕೆ ಸುಮಾರು 1,200 ಕಿ.ಮೀ. ಸಾಗಿ ಕೇಪ್ ಮೆಂಡೊಸಿನೊ ಬಳಿ ಸಾಗರದೊಳಗೆ ಮುಗಿಯುತ್ತದೆ. ಅದರ ಪಶ್ಚಿಮದ ನೆಲ ಪೆಸಿಫಿಕ್ ಫಲಕದ್ದು, ಪೂರ್ವದ್ದು ಉತ್ತರ ಅಮೆರಿಕ ಫಲಕದ್ದು. ಎರಡರ ನಡುವಿನ ಸರಿತ ವರ್ಷಕ್ಕೆ ಸುಮಾರು 5 ಸೆಂ.ಮೀ. ಆ ಗಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಹಿಡಿದುಕೊಂಡು ಹೋಗುವುದೇ ಈ ಪ್ರವಾಸದ ಉದ್ದೇಶ.

ಫಲಕ ಎಂದರೆ ಭೂಮಿಯ ಮೇಲಿನ ಚಿಪ್ಪು ಮಾತ್ರ ಅಲ್ಲ. ಚಿಪ್ಪಿನಡಿಯ ದಪ್ಪ ಕಲ್ಲಿನ ಪದರಕ್ಕೆ ಕವಚ ಎನ್ನುತ್ತಾರೆ. ಚಿಪ್ಪು ಮತ್ತು ಅದಕ್ಕೆ ಅಂಟಿದ ಕವಚದ ಗಟ್ಟಿ ಮೇಲ್ಭಾಗ ಎರಡೂ ಸೇರಿ ಸುಮಾರು 100 ಕಿ.ಮೀ. ದಪ್ಪದ ಚಪ್ಪಡಿ. ಅದರಡಿಯ ಕವಚ ಕರಗಿದ ದ್ರವ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಅದೂ ಗಟ್ಟಿ ಕಲ್ಲೇ. ಆದರೆ ಅರಗಿನ ಗುಣದ್ದು: ಪೆಟ್ಟು ಕೊಟ್ಟರೆ ಒಡೆಯುತ್ತದೆ, ಬಿಸಿಯಲ್ಲಿ ಬಹಳ ಹೊತ್ತು ಒತ್ತಿ ಹಿಡಿದರೆ ಹರಿಯುತ್ತದೆ.

ಸಾಲ್ಟನ್ ತಗ್ಗಿನಲ್ಲಿ ಈ ಎರಡು ಚಪ್ಪಡಿಗಳು ಒಂದರಿಂದೊಂದು ದೂರ ಸರಿಯುತ್ತಿವೆ. ಸ್ಯಾನ್ ಆಂಡ್ರಿಯಾಸ್ ಇಲ್ಲಿಗೆ ನಿಂತು, ಗಡಿ ಕೆರೆಯ ದಕ್ಷಿಣಕ್ಕಿರುವ ಇಂಪೀರಿಯಲ್ ಸ್ತರಭಂಗಕ್ಕೆ ಜಿಗಿಯುತ್ತದೆ. ಎರಡು ತುದಿಗಳ ನಡುವೆ ಸಿಕ್ಕ ನೆಲ, ಹಿಟ್ಟಿನ ಉಂಡೆಯನ್ನು ಎರಡೂ ಕೈಯಲ್ಲಿ ಎಳೆದಾಗ ನಡು ತೆಳುವಾಗಿ ಜೋತುಬೀಳುವಂತೆ, ತೆಳುವಾಗಿ ಕುಸಿಯುತ್ತದೆ. ಇದೇ ಸೆಳೆತ ದಕ್ಷಿಣದಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಯನ್ನು ತೆರೆದಿದೆ. ಆ ಕೊಲ್ಲಿಯ ನೀರು ಇಲ್ಲಿಗೂ ಬರಬೇಕಿತ್ತು. ನಡುವೆ ಕೊಲರಾಡೊ ನದಿ ತಂದು ಸುರಿದ ಮೆಕ್ಕಲು ಒಡ್ಡಿನಂತೆ ತಡೆದು ನಿಂತಿದೆ.

ಕೆರೆಯ ದಡಕ್ಕೆ ಇಳಿಯುವಾಗ ಒಂದು ಎಚ್ಚರ ಬೇಕು. ನೀರು ವರ್ಷವರ್ಷ ಹಿಂದೆ ಸರಿಯುತ್ತಿರುವುದರಿಂದ ದಡದಲ್ಲಿ ಬಿಳಿ ಉಪ್ಪಿನ ಹೊಪ್ಪಳೆ ಬಿದ್ದಿದೆ. ನೋಡಲು ಸಿಮೆಂಟಿನಷ್ಟು ಗಟ್ಟಿ. ನಮ್ಮಲ್ಲೊಬ್ಬರ ಕಾಲು ಅದನ್ನು ಒಡೆದುಕೊಂಡು ಮೊಣಕಾಲಿನ ಕೆಳಗಿನವರೆಗೆ ಕಪ್ಪು ಕೆಸರಿಗೆ ಹೋಯಿತು. ಕಾಲು ಬಂತು, ಶೂ ಬರಲಿಲ್ಲ. ಕೊಳೆತ ಮೊಟ್ಟೆಯ ವಾಸನೆ ಕಾರಿನಲ್ಲಿ ಮೂರು ದಿನ ಉಳಿಯಿತು. ಹಿಂದೆ ಯಾರೋ ನಡೆದ ಹೆಜ್ಜೆಗುರುತು ಕಾಣುವ ಕಡೆ ಮಾತ್ರ ನಡೆಯಬೇಕು.

ನೈಲ್ಯಾಂಡ್ ಊರಿನ ಆಚೆ, ಹೊಲಗಳ ನಡುವೆ ಕೆಸರುಕುಂಡಗಳಿವೆ. ಆಳೆತ್ತರದ ಮಣ್ಣಿನ ಗೋಪುರಗಳ ಬಾಯಲ್ಲಿ ಬೂದು ಕೆಸರು ರಾಗಿ ಅಂಬಲಿ ಕುದಿಯುವಂತೆ ಲೊಳಕ್ ಲೊಳಕ್ ಎನ್ನುತ್ತಿರುತ್ತದೆ. ಕುದಿಯುತ್ತಿದೆ ಎನಿಸಿದರೂ ಆ ಗುಳ್ಳೆಗಳು ಆವಿಯವಲ್ಲ, ಇಂಗಾಲದ ಡೈಆಕ್ಸೈಡಿನವು. ತೆಳುವಾದ ಚಿಪ್ಪಿನಡಿಯ ಶಾಖ ಆಳದ ಮೆಕ್ಕಲನ್ನು ಬೇಯಿಸಿದಾಗ ಹುಟ್ಟುವ ಅನಿಲ ಅದು. ಗೋಪುರದ ಅಂಚು ಒಳಗೆ ಟೊಳ್ಳಾಗಿರುತ್ತದೆ, ಬಗ್ಗಿ ನೋಡುವ ಆಸೆಗೆ ಹತ್ತಬಾರದು. ಹತ್ತಿರದಲ್ಲೇ ಇಂಥ ಒಂದು ಬುಗ್ಗೆ ಇದ್ದಲ್ಲಿ ಇರದೆ ಸರಿಯತೊಡಗಿ, ರೈಲುಹಳಿಯನ್ನೂ ಹೆದ್ದಾರಿಯನ್ನೂ ಬದಲಿ ದಾರಿಗೆ ಹಾಕಬೇಕಾಯಿತು. ಅಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ರಸ್ತೆ ಕೆಲಸಗಾರರೊಬ್ಬರು, “ಕಲ್ಲು ಸುರಿದೆವು, ಉಕ್ಕಿನ ಗೋಡೆ ಇಳಿಸಿದೆವು. ಅದು ಅಡಿಯಿಂದ ನುಸುಳಿಕೊಂಡು ಬಂತು” ಎಂದರು.

ಎರಡನೇ ದಿನ: ಖರ್ಜೂರದ ತೋಟದಿಂದ ಪಾಮ್‌ಡೇಲ್‌ವರೆಗೆ

ಅಕ್ಟೋಬರ್ ಮೊದಲ ವಾರ. ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಸಾಲ್ಟನ್ ಕಡೆ ಬೇಸಿಗೆಯಲ್ಲಿ ಬರಲೇಬಾರದು. ಚಳಿಗಾಲ ಬಹಳ ಹಿತ, ಆದರೆ ಕೊನೆಯ ದಿನದ ಲಾಸೆನ್ ಜ್ವಾಲಾಮುಖಿಯ ರಸ್ತೆ ಆಗ ಹಿಮದಲ್ಲಿ ಮುಚ್ಚಿರುತ್ತದೆ. ಎರಡೂ ತುದಿ ಒಂದೇ ಪ್ರವಾಸದಲ್ಲಿ ಬೇಕಾದರೆ ಅಕ್ಟೋಬರ್ ಮೊದಲ ಎರಡು ವಾರವೇ ಸರಿ.

ಮೆಕ್ಕಾ ಊರಿನ ಸುತ್ತ ಖರ್ಜೂರದ ತೋಟಗಳು, ರಸ್ತೆ ಬದಿ ಖರ್ಜೂರದ ಮಿಲ್ಕ್‌ಶೇಕ್. ಒಂದು ಲೋಟ ಕುಡಿದರೆ ಮಧ್ಯಾಹ್ನದ ಊಟ ಬೇಡ. ಊರಿನ ಪೂರ್ವಕ್ಕೆ ಮೆಕ್ಕಾ ಹಿಲ್ಸ್. ಬಿರುಕು ಇಲ್ಲಿ ಸ್ವಲ್ಪ ಡೊಂಕಾಗಿರುವುದರಿಂದ ಎರಡು ಬದಿ ಜಾರುವುದರ ಜೊತೆ ಒಂದನ್ನೊಂದು ಹಿಂಡುತ್ತವೆ. ನಡುವಿನ ಮರಳುಗಲ್ಲಿನ ಪದರಗಳು ಮಡಿಚಿಟ್ಟ ಕಂಬಳಿಯಂತೆ ಎದ್ದು ನಿಂತಿವೆ, ಕೆಲವು ಪೂರ್ತಿ ಲಂಬ. ಮಣ್ಣುರಸ್ತೆಯ ಮರಳಿನಲ್ಲಿ ಸಣ್ಣ ಕಾರಿನ ಚಕ್ರ ಹೂತುಹೋಗುತ್ತದೆ, ಮುಂದಿನ ಮೈಲಿ ನಡೆಯುವುದೇ ಮೇಲು.

ದಕ್ಷಿಣದ ಈ ತುದಿಯಲ್ಲಿ ಸುಮಾರು 300 ವರ್ಷಗಳಿಂದ ದೊಡ್ಡ ಭೂಕಂಪವಾಗಿಲ್ಲ. ಫಲಕಗಳ ಒಟ್ಟು ಸರಿತದಲ್ಲಿ ಈ ಬಿರುಕಿನ ಪಾಲು ವರ್ಷಕ್ಕೆ 2 ಸೆಂ.ಮೀ. ಎಂದು ಲೆಕ್ಕ ಹಿಡಿದರೂ ಜಾರದೆ ಉಳಿದ ಬಾಕಿ 6 ಮೀಟರ್. ತೋಟಗಳ ನಡುವೆ ಹೋಗುವಾಗ ಈ ಲೆಕ್ಕ ಮನಸ್ಸಿನಿಂದ ಹೋಗುವುದಿಲ್ಲ.

ಬಿರುಕು ನೋಡಲು ಹೋಗುವವರು ಬಾಯ್ದೆರೆದ ಕಂದರವನ್ನು ನಿರೀಕ್ಷಿಸುತ್ತಾರೆ. ಅಂಥದ್ದು ಎಲ್ಲೂ ಇಲ್ಲ. ಹುಡುಕಬೇಕಾದ್ದು ನೀರನ್ನು. ಥೌಸಂಡ್ ಪಾಮ್ಸ್ ಬಳಿ ಮರುಭೂಮಿಯ ನಡುವೆ ತಾಳೆಮರಗಳ ಸಾಲು ಇದ್ದಕ್ಕಿದ್ದಂತೆ ಕಾಣುತ್ತದೆ. ಫಲಕಗಳು ಉಜ್ಜಿ ಉಜ್ಜಿ ಕಲ್ಲು ನುಣ್ಣನೆಯ ಜೇಡಿಯಾಗಿದೆ, ಜೇಡಿ ನೀರು ಬಿಡುವುದಿಲ್ಲ. ಬೆಟ್ಟದಿಂದ ನೆಲದಡಿಯಲ್ಲಿ ಇಳಿದು ಬರುವ ನೀರು ಆ ಗೋಡೆಗೆ ಬಡಿದು ಮೇಲೇರುತ್ತದೆ. ಮರಗಳು ಎಲ್ಲಿವೆಯೋ ಬಿರುಕೂ ಅಲ್ಲೇ. ನೆರಳಿನಲ್ಲಿ ಕಾಲಿಟ್ಟರೆ ಶೂ ತೇವವಾಗುತ್ತದೆ, ಐವತ್ತು ಹೆಜ್ಜೆ ಆಚೆ ಧೂಳು.

ಮಧ್ಯಾಹ್ನವೆಲ್ಲ ಕಾರಿನಲ್ಲೇ ಕಳೆಯಿತು. ಎಡಗಡೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು, 3,000 ಮೀಟರ್ ದಾಟುವ ಶಿಖರಗಳಿರುವ ಸಾಲು. ಲಾಸ್ ಏಂಜಲೀಸಿನ ಉತ್ತರಕ್ಕೆ ಬಿರುಕು ಎಡಕ್ಕೆ ದೊಡ್ಡದಾಗಿ ಬಾಗುತ್ತದೆ. ಪೆಸಿಫಿಕ್ ಫಲಕ ಆ ಬಾಗಿಗೆ ಬಂದು ಒತ್ತುವುದರಿಂದ ಎದ್ದ ಬೆಟ್ಟಗಳು ಇವು. ಪಾಮ್‌ಡೇಲ್‌ನಲ್ಲಿ 14ನೇ ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆ ಹಳೆಯ ಕೆರೆಯ ಮಣ್ಣಿನ ಪದರಗಳು ಜಿಲೇಬಿಯಂತೆ ಸುತ್ತಿಕೊಂಡಿವೆ. ಹೆದ್ದಾರಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಅವೆನ್ಯೂ ಎಸ್ ಕಡೆ ಇಳಿದು, ಪಕ್ಕದ ಗುಡ್ಡವನ್ನು ಕಾಲುದಾರಿಯಲ್ಲಿ ಹತ್ತಿದರೆ ಎದುರಿನ ಗೋಡೆ ಪೂರ್ತಿ ಕಾಣುತ್ತದೆ. ಸಂಜೆ ನಾಲ್ಕರ ನಂತರದ ಓರೆ ಬಿಸಿಲಿನಲ್ಲಿ ಮಡಿಕೆಗಳು ಸ್ಪಷ್ಟ.

ಮೂರನೇ ದಿನ: ಕರೀಜೋ ಬಯಲು

ಇಡೀ ದಾರಿಯಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಎನ್ನುವವರು ಇಲ್ಲಿಗೆ ಬರಬೇಕು.

ಟ್ಯಾಫ್ಟ್ ಊರಿನಲ್ಲಿ ಪೆಟ್ರೋಲ್ ತುಂಬಿಸಿ, ತಲೆಗೆ ನಾಲ್ಕು ಲೀಟರಿನಂತೆ ನೀರು ಇಟ್ಟುಕೊಂಡು, ಫೋನಿಗೆ ನಕ್ಷೆ ಇಳಿಸಿಕೊಂಡು ಹೊರಡಬೇಕು. ಬಯಲಿನೊಳಗೆ ಬಂಕ್ ಇಲ್ಲ, ಅಂಗಡಿ ಇಲ್ಲ, ಸಿಗ್ನಲ್ ಇಲ್ಲ. 58ನೇ ಹೆದ್ದಾರಿ ಟೆಂಬ್ಲರ್ ಬೆಟ್ಟಸಾಲನ್ನು ಹತ್ತಿ ಇಳಿಯುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಟೆಂಬ್ಲರ್ ಎಂದರೆ ಭೂಕಂಪ. ಹೆದ್ದಾರಿ ಬಿಟ್ಟ ಮೇಲೆ ಎಲ್ಕ್‌ಹಾರ್ನ್ ರಸ್ತೆ ಬರೀ ಮಣ್ಣು. ಒಣಗಿದ್ದಾಗ ಯಾವ ಕಾರಾದರೂ ಹೋಗುತ್ತದೆ, ಒಂದು ಮಳೆ ಬಿದ್ದರೆ ಆ ಜೇಡಿ ಚಕ್ರಕ್ಕೆ ಮೆತ್ತಿಕೊಂಡು ನಾಲ್ಕು ಚಕ್ರ ಎಳೆಯುವ ಜೀಪೂ ಜಾರುತ್ತದೆ. ಹಿಂದಿನ ಎರಡು ದಿನ ಮಳೆಯಾಗಿದ್ದರೆ ಬರುವ ಯೋಚನೆ ಬಿಡಬೇಕು. ನಮ್ಮ ನಕ್ಷೆ ಒಂದು ಕವಲಿನಲ್ಲಿ ದಾರಿ ತಪ್ಪಿಸಿ ದನದ ಗೇಟಿನ ಮುಂದೆ ನಿಲ್ಲಿಸಿತು, ಮುಕ್ಕಾಲು ಗಂಟೆ ಹೋಯಿತು.

ವ್ಯಾಲೇಸ್ ಕ್ರೀಕ್ ಹೆಸರಿಗೆ ಹಳ್ಳ, ವರ್ಷದ ಬಹುಪಾಲು ಒಣಗಿರುತ್ತದೆ. ಟೆಂಬ್ಲರ್ ಬೆಟ್ಟದಿಂದ ನೈಋತ್ಯಕ್ಕೆ ನೆಟ್ಟಗೆ ಇಳಿದು ಬರುವ ಅದು ಬಿರುಕಿನ ಮೇಲೆ ಬಂದ ಕೂಡಲೇ ಮೂಲೆಮಟ್ಟ ಹಿಡಿದಂತೆ ಬಲಕ್ಕೆ ತಿರುಗುತ್ತದೆ. ಬಿರುಕಿನಗುಂಟ 130 ಮೀಟರ್ ಹೋಗಿ, ಎಡಕ್ಕೆ ತಿರುಗಿ ಮತ್ತೆ ಬಯಲಿನ ಕಡೆ ಇಳಿಯುತ್ತದೆ. ನೀರು ತಾನಾಗಿ ಹೀಗೆ ಹರಿಯುವುದಿಲ್ಲ. ಕೆಳಗಿನ ಅರ್ಧ ಹಳ್ಳವನ್ನು ಪೆಸಿಫಿಕ್ ಫಲಕ ಹೊತ್ತುಕೊಂಡು ಹೋಗಿದೆ. ಬಿರುಕಿನ ಯಾವ ಬದಿಯಲ್ಲಿ ನಿಂತು ಎದುರಿಗೆ ನೋಡಿದರೂ ಆಚೆಯ ನೆಲ ಬಲಕ್ಕೆ ಸರಿದಿರುತ್ತದೆ. ಸ್ಯಾನ್ ಆಂಡ್ರಿಯಾಸ್ ಉದ್ದಕ್ಕೂ ಈ ಪರೀಕ್ಷೆ ನಡೆಯುತ್ತದೆ.

ಹಳ್ಳದ ಈಗಿನ ಪಾತ್ರ ಕೊರೆದದ್ದು ಸುಮಾರು 3,700 ವರ್ಷಗಳ ಹಿಂದೆ ಎಂದು ಅದರ ಮಣ್ಣಿನಲ್ಲಿ ಸಿಕ್ಕ ಇಂಗಾಲದ ವಯಸ್ಸಿನಿಂದ ಗೊತ್ತಾಗಿದೆ. 130 ಮೀಟರನ್ನು 3,700ರಿಂದ ಭಾಗಿಸಿದರೆ ವರ್ಷಕ್ಕೆ 35 ಮಿ.ಮೀ. ಕಾಲಿನಿಂದಲೇ ಅಳೆದು ನೋಡಬಹುದು. ಸಾಧಾರಣ ಹೆಜ್ಜೆ 75 ಸೆಂ.ಮೀ., ಅಂದರೆ ಹೆಜ್ಜೆಗೆ ಹತ್ತಿರಹತ್ತಿರ 21 ವರ್ಷ. ಮೇಲಿನ ತಿರುವಿನಲ್ಲಿ ನಿಂತಾಗ ಹಳ್ಳದ ಹೊರಬಾಯಿ ಎದುರಿಗೇ ಇದ್ದ ಕಾಲ. ಅಲ್ಲಿಂದ ದಂಡೆಯಗುಂಟ ನಡೆಯುತ್ತಾ ಎಣಿಸಿದರೆ ಕೆಳಗಿನ ತಿರುವಿಗೆ 170ರ ಮೇಲೆ ಮೂರ್ನಾಲ್ಕು ಹೆಜ್ಜೆ.

ಆದರೆ ನೆಲ ಹೀಗೆ ಹೆಜ್ಜೆ ಹೆಜ್ಜೆಯಾಗಿ ಸರಿದದ್ದಲ್ಲ. ಈ ಭಾಗದಲ್ಲಿ ಬಿರುಕು ಬಿಗಿದುಕೊಂಡಿದೆ. ನೂರಾರು ವರ್ಷ ಕದಲದೆ ಇದ್ದು, ಒಂದು ದಿನ ಒಂದೆರಡು ನಿಮಿಷದೊಳಗೆ ಹಲವು ಮೀಟರ್ ಜಿಗಿಯುತ್ತದೆ. ಕಳೆದ ಜಿಗಿತ 1857ರ ಜನವರಿ 9ರದ್ದು. 7.9 ತೀವ್ರತೆಯ ಆ ಕಂಪದಲ್ಲಿ 350 ಕಿ.ಮೀ. ಉದ್ದದ ನೆಲ ಸೀಳಿತು. ಅಂದಿನಿಂದ ಇಲ್ಲಿ ಒಂದು ಬೆರಳಿನಷ್ಟೂ ಜಾರಿಲ್ಲ. ಫಲಕಗಳು ಮಾತ್ರ ದೂರದಲ್ಲಿ ನಡೆಯುತ್ತಲೇ ಇವೆ, ನಡುವಿನ ಕಲ್ಲು ಬಾಗುತ್ತಲೇ ಇದೆ.

ಕೆಳಗಿನ ತಿರುವಿನಿಂದ ಇನ್ನೂ ವಾಯವ್ಯಕ್ಕೆ ನಡೆದರೆ ನೀರಿಲ್ಲದ, ತಲೆಯಿಲ್ಲದ ಒಂದು ಹಳ್ಳದ ಗುಂಡಿ ಸಿಗುತ್ತದೆ. ಅದು ಇದೇ ಹಳ್ಳದ ಹಿಂದಿನ ಪಾತ್ರ. ಬಳಸುದಾರಿ ಬಹಳ ಉದ್ದವಾದಾಗ ಒಂದು ನೆರೆಯಲ್ಲಿ ನೀರು ದಂಡೆ ಒಡೆದು ನೇರ ದಾರಿ ಮಾಡಿಕೊಂಡಿತು, ಹಳೆಯದು ಅನಾಥವಾಯಿತು. ಮುಂದೊಂದು ದಿನ ಈಗಿನ ಹಳ್ಳಕ್ಕೂ ಅದೇ ಆಗುತ್ತದೆ. ನಡುಹಗಲಲ್ಲಿ ಬಂದವರಿಗೆ ಇದೆಲ್ಲ ಬರೀ ಒಣಹುಲ್ಲಿನ ಉಬ್ಬುತಗ್ಗು. ಸೂರ್ಯ ಕೆಳಗಿರುವಾಗ ನೆರಳು ಬಿದ್ದು ಗೆರೆ ಎಳೆದಂತೆ ಕಾಣುತ್ತದೆ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಬರಬೇಕು.

ನಾಲ್ಕನೇ ದಿನ: ಪಾರ್ಕ್‌ಫೀಲ್ಡ್

ಬೋರ್ಡಿನ ಪ್ರಕಾರ ಜನಸಂಖ್ಯೆ 18. ಊರಿನ ನೀರಿನ ಟ್ಯಾಂಕಿನ ಮೇಲೆ ‘ಜಗತ್ತಿನ ಭೂಕಂಪ ರಾಜಧಾನಿ’ ಎಂದು ಬರೆದಿದೆ, ‘ಆಗುವಾಗ ಇಲ್ಲಿರಿ’ ಎಂದೂ. ಊರಿಗೆ ಬರುವ ಸಣ್ಣ ಸೇತುವೆ ಬಿರುಕಿನ ಮೇಲೇ ನಿಂತಿದೆ. ಒಂದು ಬದಿಯಲ್ಲಿ ಪೆಸಿಫಿಕ್ ಫಲಕ, ಇನ್ನೊಂದು ಬದಿಯಲ್ಲಿ ಉತ್ತರ ಅಮೆರಿಕ ಫಲಕ ಎಂಬ ಬೋರ್ಡುಗಳು. ಎಲ್ಲರೂ ಬೋರ್ಡಿನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೋಡಬೇಕಾದ್ದು ಸೇತುವೆಯ ಕಂಬಿಗಳನ್ನು. ಒಂದು ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಕಂಬಿಯ ಸಾಲನ್ನು ನೋಡಿದರೆ ಡೊಂಕು ತಕ್ಷಣ ಹಿಡಿಯುತ್ತದೆ.

1857, 1881, 1901, 1922, 1934, 1966. ಸುಮಾರು 22 ವರ್ಷಕ್ಕೊಮ್ಮೆ ಇಲ್ಲಿ 6ರ ಆಸುಪಾಸಿನ ಕಂಪ. ಈ ಲೆಕ್ಕ ನೋಡಿ ವಿಜ್ಞಾನಿಗಳು ಮುಂದಿನದು 1993ರೊಳಗೆ ಬರುತ್ತದೆ ಎಂದು ಊರಿನ ಸುತ್ತ ಉಪಕರಣ ಹೂಡಿ ಕಾದರು. ಅದು ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ, ಮುನ್ಸೂಚನೆ ಏನೂ ಕೊಡದೆ. ಜಾಗ ಸರಿ, ಗಾತ್ರ ಸರಿ, ಕಾಲ ಮಾತ್ರ ತಪ್ಪಿತು. ಭೂಕಂಪದ ದಿನ ಹೇಳುತ್ತೇವೆ ಎನ್ನುವವರ ಮಾತು ಕೇಳುವ ಮೊದಲು ಪಾರ್ಕ್‌ಫೀಲ್ಡ್ ಕಥೆ ತಿಳಿದಿರಬೇಕು.

ಕೆಫೆಯಲ್ಲಿ ಊಟ ಬಡಿಸಿದ ಹೆಂಗಸಿಗೆ 2004ರ ಆ ಬೆಳಗು ನೆನಪಿತ್ತು. “ಮೊದಲು ನಾಯಿ ಎದ್ದು ನಿಂತಿತು. ಆಮೇಲೆ ರೈಲು ಬಂದ ಹಾಗೆ ಸದ್ದು. ಈ ಕಣಿವೆಯಲ್ಲಿ ರೈಲೇ ಇಲ್ಲ” ಎಂದರು. ಕಪಾಟಿನ ಬಾಗಿಲಿಗೆಲ್ಲ ಅವರು ಚಿಲಕ ಹಾಕಿಸಿದ್ದಾರೆ, ಅನಿಲದಿಂದ ನೀರು ಕಾಯಿಸುವ ಹಂಡೆಯನ್ನು ಗೋಡೆಗೆ ಪಟ್ಟಿ ಹಾಕಿ ಬಿಗಿದಿದ್ದಾರೆ. ಕಂಪದ ಸೀಮೆಯಲ್ಲಿ ವಾಸವಿರುವ ಯಾರೇ ಆದರೂ ಮೊದಲು ಮಾಡಬೇಕಾದ ಕೆಲಸ ಅದೇ. ಹಂಡೆ ಉರುಳಿದರೆ ಅನಿಲದ ಕೊಳವೆ ಕಿತ್ತು ಬೆಂಕಿ ಹತ್ತುತ್ತದೆ.

ಐದನೇ ದಿನ: ತೆವಳುವ ಬಿರುಕು

ಪಾರ್ಕ್‌ಫೀಲ್ಡಿನಿಂದ ಉತ್ತರಕ್ಕೆ ಸ್ಯಾನ್ ವಾನ್ ಬಟೀಸ್ಟಾವರೆಗೆ ಬಿರುಕಿನ ನಡತೆಯೇ ಬೇರೆ. ಇಲ್ಲಿ ಅದು ಬಿಗಿದುಕೊಳ್ಳುವುದಿಲ್ಲ, ದಿನವೂ ತೆವಳುತ್ತದೆ. ಹಾಗಾಗಿ ಇಲ್ಲಿ ಮಹಾಕಂಪಗಳಿಲ್ಲ. ಕಾರಣ ತಿಳಿಯಲು ಪಾರ್ಕ್‌ಫೀಲ್ಡ್ ಬಳಿ ಸುಮಾರು 3 ಕಿ.ಮೀ. ಆಳಕ್ಕೆ ಬಾವಿ ಕೊರೆದು ಬಿರುಕಿನೊಳಗಿನ ಕಲ್ಲನ್ನೇ ತೆಗೆದರು. ಸಿಕ್ಕಿದ್ದು ಸಾಬೂನಿನಂತೆ ಜಾರುವ ಜೇಡಿ ಖನಿಜ.

ದಾರಿಯಲ್ಲಿ ಪಿನಾಕಲ್ಸ್ ರಾಷ್ಟ್ರೀಯ ಉದ್ಯಾನ. ಇಲ್ಲಿನ ಚೂಪು ಬಂಡೆಗಳು 2.3 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯ ಅರ್ಧ ಭಾಗ. ಇನ್ನರ್ಧ ಬಿರುಕಿನ ಆಚೆ, ಲ್ಯಾಂಕಾಸ್ಟರ್ ಊರಿನ ಪಶ್ಚಿಮದ ನೀನಾಕ್ ಬಳಿ, 314 ಕಿ.ಮೀ. ದಕ್ಷಿಣದಲ್ಲಿದೆ. ಎರಡು ಕಡೆಯ ಕಲ್ಲುಗಳೂ ಒಂದೇ ಕ್ರಮದಲ್ಲಿ ಜೋಡಣೆಯಾಗಿವೆ. ಬಂಡೆಗಳಡಿಯ ಗವಿಗಳಿಗೆ ಟಾರ್ಚ್ ಬೇಕು. ಬಾವಲಿ ಮರಿ ಹಾಕುವ ಕಾಲದಲ್ಲಿ ಒಂದು ಗವಿ ಮುಚ್ಚಿರುತ್ತದೆ, ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು.

ಹಾಲಿಸ್ಟರ್ ಊರಿನಲ್ಲಿ ಭೂಫಲಕದ ಚಲನೆಯನ್ನು ರಸ್ತೆ ಬದಿಯ ಅಂಚುಕಲ್ಲಿನಲ್ಲೇ ನೋಡಬಹುದು. ಈ ಊರನ್ನು ಸೀಳುವುದು ಸ್ಯಾನ್ ಆಂಡ್ರಿಯಾಸಿನ ಕವಲಾದ ಕ್ಯಾಲವೆರಸ್ ಸ್ತರಭಂಗ. ನೇರವಾಗಿ ಸುರಿದ ಕಾಂಕ್ರೀಟ್ ಅಂಚು ಒಂದು ಕಡೆ ಬಲಕ್ಕೆ ಒಡೆದು ಸರಿದಿರುತ್ತದೆ. ರಸ್ತೆ ದಾಟಿದರೆ ಎದುರಿನ ಅಂಚಿನಲ್ಲೂ ಅದೇ ಗೆರೆಯಲ್ಲಿ ಅಷ್ಟೇ ಸರಿತ. ಅದರ ಮುಂದಿನ ಕಾಲುದಾರಿಯಲ್ಲಿ, ಅದರಾಚೆಯ ಮನೆಯ ಮೆಟ್ಟಿಲಿನಲ್ಲಿ, ಕಾಂಪೌಂಡಿನ ಗೋಡೆಯಲ್ಲಿ. ಮರದ ಬೇರಿನಿಂದ ಒಡೆದ ಅಂಚಾದರೆ ಮೇಲಕ್ಕೆ ಎದ್ದಿರುತ್ತದೆ, ಅಕ್ಕಪಕ್ಕ ಗೆರೆ ಮುಂದುವರಿಯುವುದಿಲ್ಲ. ಇವೆರಡರ ವ್ಯತ್ಯಾಸ ತಿಳಿದರೆ ಇಡೀ ಬೀದಿಯನ್ನು ಓದಬಹುದು. ಗೋಡೆಗೆ ಬಣ್ಣ ಹಚ್ಚುತ್ತಿದ್ದ ಮುದುಕರೊಬ್ಬರು ನಾವು ಅಂಚುಕಲ್ಲನ್ನು ಟೇಪಿನಲ್ಲಿ ಅಳೆಯುವುದನ್ನು ನೋಡಿ ಹತ್ತಿರ ಬಂದರು. ಅವರ ಮುಂಬಾಗಿಲಿನ ಚೌಕಟ್ಟು ಚೌಕವಾಗಿಲ್ಲ. “ಕೆಲವು ವರ್ಷಕ್ಕೊಮ್ಮೆ ಬಾಗಿಲಿನ ಅಂಚು ಹೆರೆಸುತ್ತೇನೆ” ಎಂದು ತೋರಿಸಿದರು.

ಸಂಜೆ ಸ್ಯಾನ್ ವಾನ್ ಬಟೀಸ್ಟಾದ ಹಳೆಯ ಚರ್ಚು. 1797ರಲ್ಲಿ ನೆಲೆಗೊಂಡದ್ದು. ಪಕ್ಕದಲ್ಲೇ ನೆಲ ಇದ್ದಕ್ಕಿದ್ದಂತೆ ತೋಟಗಳ ಕಡೆ ಇಳಿಯುತ್ತದೆ, ಆ ಇಳಿಜಾರೇ ಬಿರುಕಿನ ದಂಡೆ.

ಆರನೇ ದಿನ: ಸಾಗರತಳದ ಕಲ್ಲು, 1906ರ ಬೇಲಿ

ಗೋಲ್ಡನ್ ಗೇಟ್ ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಮರೀನ್ ಹೆಡ್‌ಲ್ಯಾಂಡ್ಸ್. ಪ್ರವಾಸಿಗರೆಲ್ಲ ಸೇತುವೆಯ ಕಡೆ ಮುಖ ಮಾಡಿ ನಿಂತಿರುತ್ತಾರೆ. ಬೆನ್ನ ಹಿಂದಿನ ರಸ್ತೆಗೋಡೆಯನ್ನು ನೋಡಬೇಕು. ಇಟ್ಟಿಗೆ ಬಣ್ಣದ ಚರ್ಟ್ ಎಂಬ ಕಲ್ಲು, ಒಂದೊಂದು ಪದರವೂ ಮೂರರಿಂದ ಐದು ಬೆರಳಗಲ, ಪದರಗಳ ನಡುವೆ ಕಾಗದದಂತೆ ತೆಳುವಾದ ಜೇಡಿಗಲ್ಲು. ರಿಬ್ಬನ್ ಸುರುಳಿಯಂತೆ ಮಡಿಕೆ ಮಡಿಕೆ.

ಚಾಕುವಿನಿಂದ ಗೀರಿದರೆ ಕಲ್ಲಿನ ಮೇಲೆ ಗೆರೆ ಬೀಳುವುದಿಲ್ಲ, ಚಾಕುವಿನ ಲೋಹವೇ ಸವೆದು ಹತ್ತುತ್ತದೆ. ಬಿದ್ದಿರುವ ಚೂರಿನ ಮೇಲೆ ಮಾತ್ರ ಹೀಗೆ ನೋಡಬೇಕು. ಗೋಡೆಗೆ ಕೈ ಹಾಕುವುದಾಗಲಿ, ಚೂರನ್ನು ಜೇಬಿಗೆ ಹಾಕಿಕೊಳ್ಳುವುದಾಗಲಿ ಉದ್ಯಾನದ ನಿಯಮಕ್ಕೆ ವಿರುದ್ಧ. ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನು ಅದರ ಬಳಿ ತರಬೇಕು. ಬಹಳ ಜನ ಮಸೂರವನ್ನು ಕಲ್ಲಿನ ಮೇಲಿಟ್ಟು ದೂರದಿಂದ ನೋಡಿ ಏನೂ ಕಾಣುವುದಿಲ್ಲ ಎನ್ನುತ್ತಾರೆ. ತೇವ ಮಾಡಿದ ಮೈಯಲ್ಲಿ ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಕಾಣುತ್ತವೆ. ರೇಡಿಯೊಲೇರಿಯನ್ ಎಂಬ ಸಾಗರಜೀವಿಗಳ ಗಾಜಿನಂಥ ಚಿಪ್ಪುಗಳು ಅವು. ಸತ್ತು ಆಳಸಾಗರದ ತಳಕ್ಕೆ ಮಂಜಿನಂತೆ ಬಿದ್ದವು. 80 ಮೀಟರ್ ದಪ್ಪ ಕೂಡಲು ಹಿಡಿದದ್ದು 10 ಕೋಟಿ ವರ್ಷ. ಬೆರಳುಗಳ ನಡುವೆ ಹಿಡಿಯಬಹುದಾದ 5 ಸೆಂ.ಮೀ. ಪದರಕ್ಕೆ 60,000 ವರ್ಷದ ಮೇಲೆ.

ಸಮಭಾಜಕದ ಹತ್ತಿರ ಕೂಡತೊಡಗಿದ ಈ ಕಲ್ಲು ಇಲ್ಲಿಗೆ ಬಂದದ್ದು ಫಾರಲಾನ್ ಎಂಬ ಫಲಕದ ಬೆನ್ನ ಮೇಲೆ. ಸಾಗರತಳದ ಫಲಕ ನಡುಸಾಗರದ ಬೆಟ್ಟಸಾಲಿನಲ್ಲಿ ಹುಟ್ಟುತ್ತದೆ. ಭೂಮಿಯನ್ನು ಸುತ್ತಿರುವ ಆ ಸಾಲಿನ ಉದ್ದ ಸುಮಾರು 65,000 ಕಿ.ಮೀ. ಹುಟ್ಟಿದ ಕಲ್ಲು ದೂರ ಹೋದಂತೆ ತಣ್ಣಗಾಗಿ ಭಾರವಾಗಿ ಕೊನೆಗೆ ಸಾಗರತಳದ ಕಂದಕದಲ್ಲಿ ಇನ್ನೊಂದು ಫಲಕದಡಿ ಮುಳುಗುತ್ತದೆ. ಅದಕ್ಕೇ ಇಂದಿನ ಸಾಗರತಳದಲ್ಲಿ ಹೆಚ್ಚುಕಡಿಮೆ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದಿಲ್ಲ, ಖಂಡಗಳ ಮೇಲೆ 400 ಕೋಟಿ ವರ್ಷದ್ದೂ ಸಿಗುತ್ತದೆ. ಫಾರಲಾನ್ ಮುಳುಗುವಾಗ ಅದರ ಮೇಲಿನ ಚರ್ಟನ್ನು, ಕೊಬ್ಬರಿ ತುರಿದಂತೆ, ಖಂಡದ ಅಂಚು ಹೆರೆದುಕೊಂಡಿತು. ಸುಮಾರು 3 ಕೋಟಿ ವರ್ಷದ ಹಿಂದೆ ಅದನ್ನು ಹುಟ್ಟಿಸುತ್ತಿದ್ದ ಬೆಟ್ಟಸಾಲೇ ಕಂದಕಕ್ಕೆ ಬಂದು ತಾಗಿತು. ಆಚೆಗಿದ್ದ ಪೆಸಿಫಿಕ್ ಫಲಕ ಖಂಡಕ್ಕೆ ನೇರ ಮುಟ್ಟಿತು, ಅದು ಪಕ್ಕಕ್ಕೆ ಜಾರುವ ಫಲಕ. ಸ್ಯಾನ್ ಆಂಡ್ರಿಯಾಸ್ ಹುಟ್ಟಿದ್ದು ಹಾಗೆ. 1970ರಲ್ಲಿ ಇದನ್ನು ಸಾಗರತಳದ ಕಾಂತಪಟ್ಟಿಗಳಿಂದ, ಅಂದರೆ ಕಲ್ಲು ಹುಟ್ಟಿದಾಗಿನ ಭೂಕಾಂತದ ದಿಕ್ಕು ಅದರಲ್ಲಿ ಉಳಿದು ಮೂಡಿದ ಪಟ್ಟಿಗಳಿಂದ, ಬಿಡಿಸಿ ತೋರಿಸಿದವರು ಭೂವಿಜ್ಞಾನಿ ಟಾನ್ಯಾ ಅಟ್ವಾಟರ್.

ಮಧ್ಯಾಹ್ನ ಪಾಯಿಂಟ್ ರೇಯಸ್. ಪ್ರವೇಶ ಶುಲ್ಕವಿಲ್ಲ. ಬೇರ್ ವ್ಯಾಲಿ ಕೇಂದ್ರದ ಎದುರಿನ ಕಾಲುದಾರಿ ಬರೀ ಒಂದು ಕಿ.ಮೀ. ನೀಲಿ ಗೂಟಗಳು ಬಿರುಕಿನ ಗುರುತು. 1906ರ ಏಪ್ರಿಲ್ 18ರ ಬೆಳಗ್ಗೆ 5.12ಕ್ಕೆ ಇಲ್ಲಿ ಹಾದುಹೋಗುತ್ತಿದ್ದ ಮರದ ಬೇಲಿ ಎರಡಾಗಿ, ಅರ್ಧ ಬೇಲಿ ಸುಮಾರು 5 ಮೀಟರ್ ಬಲಕ್ಕೆ ಹೋಯಿತು. ಅದೇ ಜಾಗದಲ್ಲಿ ಮತ್ತೆ ಕಟ್ಟಿ ತೋರಿಸಿರುವ ಬೇಲಿಯ ಒಂದು ತುದಿ ಮುಟ್ಟಿ ಇನ್ನೊಂದರತ್ತ ನಡೆದರೆ ಏಳು ಹೆಜ್ಜೆ. ವ್ಯಾಲೇಸ್ ಕ್ರೀಕಿನ ಲೆಕ್ಕದಲ್ಲಿ ಅದು ನೂರೈವತ್ತು ವರ್ಷದ ಬಾಕಿ. ಸ್ಯಾನ್ ಫ್ರಾನ್ಸಿಸ್ಕೊ ಸುಟ್ಟುಹೋದ, ಸುಮಾರು 3,000 ಜನ ಸತ್ತ ಆ ಕಂಪದ ನಂತರ, ಹಳೆಯ ಭೂಮಾಪನದ ದಾಖಲೆಗಳನ್ನು ಹೋಲಿಸಿ ಭೂವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ 1910ರಲ್ಲಿ ಒಂದು ಮಾತು ಹೇಳಿದರು: ಕಲ್ಲು ಬೆತ್ತದಂತೆ ಬಾಗುತ್ತಾ ಬರುತ್ತದೆ, ತಡೆಯಲಾರದಾದಾಗ ಜಾರಿ ಒಮ್ಮೆಗೇ ನೆಟ್ಟಗಾಗುತ್ತದೆ. ಆ ನೆಟ್ಟಗಾಗುವಿಕೆಯೇ ಕಂಪ. ಇಂದಿಗೂ ಎಲ್ಲರೂ ಅದನ್ನೇ ಒಪ್ಪುತ್ತಾರೆ.

ಬೇಲಿಯ ಉತ್ತರಕ್ಕೆ ಬಿರುಕು ನೀರಿನಡಿ ಹೋಗುತ್ತದೆ. ಟೊಮಾಲೆಸ್ ಕೊಲ್ಲಿ ಗೆರೆ ಎಳೆದಂತೆ ನೇರ, ಕಿರಿದು. ಬಿರುಕು ಪುಡಿಮಾಡಿದ ಕಲ್ಲನ್ನು ನೀರು ಸುಲಭವಾಗಿ ತೊಳೆದು ತೆಗೆದ ಕಣಿವೆ ಅದು. ದಡದಲ್ಲಿ ಸಿಂಪಿ ಬೆಳೆಸಿ ಅಲ್ಲೇ ಬಿಚ್ಚಿ ಕೊಡುತ್ತಾರೆ. ಅಲೆಯಿಲ್ಲದ ಕೊಲ್ಲಿ ಸಿಂಪಿಗೆ ಹೇಳಿಮಾಡಿಸಿದ ಜಾಗ.

ಏಳನೇ ದಿನ: ಕೇಪ್ ಮೆಂಡೊಸಿನೊ

ರೆಡ್‌ವುಡ್ ಕಾಡು, ಮಂಜು, ಫರ್ನ್‌ಡೇಲ್‌ನಲ್ಲಿ ಪೆಟ್ರೋಲ್. ಅಲ್ಲಿಂದ ಮಾಟೋಲ್ ರಸ್ತೆ ಕಡಲಿಗೆ ಇಳಿಯುವ ಕಡಿದಾದ ಇಳಿಜಾರಿನಲ್ಲಿ ಗೇರ್ ಕೆಳಗಿಟ್ಟೇ ಬರಬೇಕು. ಬ್ರೇಕ್ ಹಿಡಿದುಕೊಂಡೇ ಬಂದ ಮುಂದಿನ ಕಾರಿನ ಚಕ್ರಗಳು ಹೊಗೆಯಾಡುತ್ತಿದ್ದವು.

ಇಲ್ಲಿ ಮೂರು ಫಲಕಗಳು ಸೇರುತ್ತವೆ. ಪೆಸಿಫಿಕ್, ಉತ್ತರ ಅಮೆರಿಕ, ಮತ್ತು ಉತ್ತರದಲ್ಲಿ ಫಾರಲಾನ್ ಫಲಕದ ಉಳಿದ ಚೂರಾದ ಗೋರ್ಡಾ. ಇಲ್ಲಿಂದ ಮುಂದೆ ಗಡಿಯಲ್ಲಿ ಪಕ್ಕಕ್ಕೆ ಜಾರುವುದು ನಿಂತು, ಗೋರ್ಡಾ ಉತ್ತರ ಅಮೆರಿಕ ಫಲಕದಡಿ ಮುಳುಗುತ್ತದೆ. 1992ರ ಏಪ್ರಿಲ್ 25ರ 7.2 ತೀವ್ರತೆಯ ಕಂಪದಲ್ಲಿ ಈ ಕಡಲತೀರ ಕೆಲವು ಕಡೆ 1.4 ಮೀಟರ್ ಮೇಲೆದ್ದಿತು. ಉಬ್ಬರವಿಳಿತದ ನಡುವೆ ಬದುಕುವ ಚಿಪ್ಪುಜೀವಿಗಳು, ಪಾಚಿ ಎಲ್ಲ ನೀರು ಸಿಗದೆ ಅಲ್ಲೇ ಸತ್ತವು. ಬೆಟ್ಟ ಬೆಳೆಯುವುದು ಹೀಗೆ, ಒಂದೊಂದು ಕಂಪಕ್ಕೆ ಒಂದೊಂದು ಮೆಟ್ಟಿಲು.

ಫಲಕಗಳನ್ನು ಎಳೆಯುವ ಶಕ್ತಿ ಯಾವುದು ಎಂದು ಕೇಳಿದರೆ ಉತ್ತರ ಈ ಕಡಲಿನಡಿಯಲ್ಲಿದೆ. ತಣ್ಣಗಾಗಿ ಭಾರವಾದ ಚಪ್ಪಡಿ ಮುಳುಗುವಾಗ, ಮೇಜಿನಿಂದ ಜಾರುವ ಬಟ್ಟೆಯಂತೆ, ಉಳಿದ ಭಾಗವನ್ನು ತನ್ನ ತೂಕದಿಂದಲೇ ಎಳೆಯುತ್ತದೆ. ನಡುಸಾಗರದ ಬೆಟ್ಟಸಾಲಿನ ತಳ್ಳುವಿಕೆಗಿಂತ ಈ ಸೆಳೆತವೇ ದೊಡ್ಡದು. ಬೇರೆಡೆ ಇಂಥ ಜಾಗದಲ್ಲಿ ಆಳವಾದ ಕಂದಕ ಇರುತ್ತದೆ, ಮರಿಯಾನಾ ಕಂದಕ 11 ಕಿ.ಮೀ.ನ ಹತ್ತಿರ ಹೋಗುತ್ತದೆ. ಇಲ್ಲಿ ನದಿಗಳು ತಂದ ಮಣ್ಣು ಕಂದಕವನ್ನು ತುಂಬಿಬಿಟ್ಟಿದೆ. ಕಂದಕ ಕಾಣುವುದಿಲ್ಲ ಎಂದು ಅಪಾಯ ಕಡಿಮೆಯಲ್ಲ. 1700ರ ಜನವರಿ 26ರ ರಾತ್ರಿ ಈ ಗಡಿ ಸುಮಾರು 9 ತೀವ್ರತೆಯಲ್ಲಿ ಕಳಚಿತು. ತಾಯಿ ಕಂಪ ಗೊತ್ತಿಲ್ಲದ ಸುನಾಮಿಯೊಂದು ಜಪಾನಿನ ಹಳೆಯ ದಾಖಲೆಗಳಲ್ಲಿ ಇದ್ದದ್ದರಿಂದ ದಿನಾಂಕ ಇಷ್ಟು ಖಚಿತವಾಗಿ ಸಿಕ್ಕಿತು. ಈ ತೀರದಲ್ಲಿ ಕಾಲ ಕೆಳಗಿನ ನೆಲ ಬಹಳ ಹೊತ್ತು ನಡುಗಿದರೆ ಸೈರನ್ ಕಾಯದೆ ಎತ್ತರಕ್ಕೆ ಓಡಬೇಕು.

ಎಂಟನೇ ದಿನ: ಲಾಸೆನ್

36ನೇ ಹೆದ್ದಾರಿ ತಿರುವುಗಳದ್ದೇ ರಸ್ತೆ. ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂರಬೇಕು. ರೆಡ್ ಬ್ಲಫ್ ದಾಟಿ ಮಧ್ಯಾಹ್ನಕ್ಕೆ ಲಾಸೆನ್ ಜ್ವಾಲಾಮುಖಿಯ ಅಡಿ ತಲುಪಿದಾಗ ತಣ್ಣನೆಯ ಗಾಳಿ, ಮೋಡ.

ಮುಳುಗಿದ ಫಲಕ ಇಷ್ಟು ಒಳನಾಡಿಗೆ ಬರುವಷ್ಟರಲ್ಲಿ ಸುಮಾರು 100 ಕಿ.ಮೀ. ಆಳ ತಲುಪಿರುತ್ತದೆ. ಉಜ್ಜಿದ ಬಿಸಿಗೆ ಅದು ಕರಗುತ್ತದೆ ಎಂಬ ವಿವರಣೆ ಹಲವು ಕಡೆ ಓದಲು ಸಿಗುತ್ತದೆ. ಅದು ಸರಿಯಲ್ಲ. ಸಾಗರತಳದಲ್ಲಿದ್ದಾಗ ಖನಿಜಗಳೊಳಗೆ ಸೇರಿಕೊಂಡ ನೀರು ಆ ಒತ್ತಡದಲ್ಲಿ ಬಿಡುಗಡೆಯಾಗಿ ಮೇಲಿನ ಬಿಸಿ ಕವಚಕ್ಕೆ ಏರುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಶಾಖಕ್ಕೇ ಕರಗುತ್ತದೆ, ಆ ಕರಗಿದ್ದೇ ಶಿಲಾಪಾಕ. ಹಿಮಾಲಯದಲ್ಲಿ ಇಂಥ ಜ್ವಾಲಾಮುಖಿಗಳ ಸಾಲು ಇಲ್ಲದಿರುವುದೂ ಇದಕ್ಕೇ. ಅಲ್ಲಿ ಎದುರುಬದುರಾಗಿರುವುದು ಎರಡು ಹಗುರ ಖಂಡಗಳು, ನೀರು ಹೊತ್ತ ಸಾಗರತಳ ಈಗ ಕೆಳಗೆ ಹೋಗುತ್ತಿಲ್ಲ.

ಲಾಸೆನ್ 1914ರಿಂದ 1917ರವರೆಗೆ ಸಿಡಿಯಿತು. 1915ರ ಮೇ 22ರ ಸ್ಫೋಟ ಎಲ್ಲಕ್ಕಿಂತ ದೊಡ್ಡದು. ಈಗ ಬಿಸಿ ಕಾಣುವುದು ಬಂಪಸ್ ಹೆಲ್ ಎಂಬ ಬೋಗುಣಿಯಲ್ಲಿ. ಹೋಗಿ ಬರಲು 5 ಕಿ.ಮೀ. ನಡಿಗೆ, ಎತ್ತರ 2,500 ಮೀಟರಿನ ಆಸುಪಾಸು. ಕಡಲತೀರದಿಂದ ಅದೇ ದಿನ ಬಂದವರಿಗೆ ಏರಿನಲ್ಲಿ ಉಸಿರು ಹಿಡಿಯುತ್ತದೆ, ನಿಧಾನವಾಗಿ ಹತ್ತಬೇಕು. ಮರದ ಹಲಗೆದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬಾರದು. ಬೋಗುಣಿಗೆ ಯಾರ ಹೆಸರಿದೆಯೋ ಆ ಬಂಪಸ್ ತೆಳುವಾದ ಹೊಪ್ಪಳೆ ಒಡೆದು ಕುದಿಯುವ ಕೆಸರಿಗೆ ಕಾಲಿಟ್ಟು ಆ ಕಾಲನ್ನೇ ಕಳೆದುಕೊಂಡರು.

ಹಲಗೆದಾರಿಯ ಅಂಚಿನಲ್ಲಿ ಮೊದಲ ದಿನದ್ದೇ ಬೂದು ಕೆಸರು, ಅದೇ ಲೊಳಕ್ ಲೊಳಕ್. ನೈಲ್ಯಾಂಡಿನಲ್ಲಿ ಅದು ಅನಿಲದ ಗುಳ್ಳೆಯಾಗಿತ್ತು, ಇಲ್ಲಿ ನಿಜವಾದ ಕುದಿತ. ಈ ಎತ್ತರದಲ್ಲಿ ನೀರು ಕುದಿಯಲು 92 ಡಿಗ್ರಿ ಸಾಕು, ಆದರೆ ಬಿಗ್ ಬಾಯ್ಲರ್ ಎಂಬ ಕಂಡಿಯಿಂದ ಹೊರಬರುವ ಆವಿಯಲ್ಲಿ 161 ಡಿಗ್ರಿಯವರೆಗೆ ಅಳೆದಿದ್ದಾರೆ. ಗಂಧಕದ ಆಮ್ಲ ಕಪ್ಪು ಲಾವಾ ಕಲ್ಲನ್ನು ತಿಂದು ಬಿಳಿ, ಹಳದಿ, ಕೆಂಪು ಜೇಡಿ ಮಾಡಿದೆ. ಒಂದು ಕೊಳದ ನೊರೆ ಮಾತ್ರ ಕಪ್ಪಾಗಿ ಮಿನುಗುತ್ತಿತ್ತು. ನೀರಿನಲ್ಲಿ ತೇಲುವಷ್ಟು ಸಣ್ಣ ಪೈರೈಟ್ ಹರಳುಗಳು ಅವು, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ.

ನಾಲ್ಕು ಗಂಟೆಗೆ ಹಿಮದ ಹನಿಗಳು ಶುರುವಾದವು. ಕೆಸರಿನ ಮೇಲೆ ಬಿದ್ದವು ತಾಗುವ ಮೊದಲೇ ಮಾಯವಾಗುತ್ತಿದ್ದವು, ಎರಡು ಮಾರು ಆಚೆಯ ಹಲಗೆಯ ಮೇಲೆ ಬಿದ್ದವು ಉಳಿಯುತ್ತಿದ್ದವು. ಬಾಗಿಲಲ್ಲಿದ್ದ ರೇಂಜರ್, ರಾತ್ರಿ ಇದೇ ರೀತಿ ಬಿದ್ದರೆ ನಾಳೆ ರಸ್ತೆ ತೆರೆಯುವುದಿಲ್ಲ ಎಂದು ಹೇಳಿ ಗೇಟಿನ ಸರಪಳಿ ಸರಿಮಾಡತೊಡಗಿದರು.